ಒಂಬತ್ತನೇ ಹಾಸಿಗೆಯ ಖಾಲಿ ಚೌಕ

ಔಷಧಿ ಚಾರ್ಟಿನಲ್ಲಿ ಒಂದು ಚೌಕ ಖಾಲಿ ಇದೆ ಎಂದರೆ ಎರಡರಲ್ಲಿ ಒಂದು ನಡೆದಿರುತ್ತದೆ. ರೋಗಿಗೆ ಆ ಹೊತ್ತಿನ ಮಾತ್ರೆ ಕೊಟ್ಟಿಲ್ಲ, ಇಲ್ಲವೇ ಕೊಟ್ಟಿದ್ದಾರೆ, ಆದರೆ ಕೊಟ್ಟವರು ಸಹಿ ಹಾಕಿಲ್ಲ. ಚಾರ್ಟನ್ನು ಎಷ್ಟು ಹೊತ್ತು ನೋಡುತ್ತ ಕೂತರೂ ಯಾವುದು ಎಂದು ಹೇಳಲು ಬರುವುದಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ವಾಯವ್ಯ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ, ಇಂಥ ಖಾಲಿ ಚೌಕಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ವಿಭಾಗದ ಹೆಸರು ಆಡಿಟ್. ಹಣದ ಲೆಕ್ಕಕ್ಕೂ ನಮಗೂ ಸಂಬಂಧವಿರಲಿಲ್ಲ; ಚಿಕಿತ್ಸೆ ಹೇಗೆ ನಡೆಯಬೇಕೆಂದು ಬರೆದಿಟ್ಟಿದ್ದಾರೋ ಹಾಗೆ ನಡೆಯುತ್ತಿದೆಯೇ ಎಂದು ನೋಡುವುದಷ್ಟೇ. ಬಟ್ಟೆ ಒಗೆಯುವ ವಿಭಾಗದ ಮೇಲೆ ಎರಡು ಕೋಣೆ. ಒಂದರಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಮುಖ್ಯಸ್ಥರು, ಇನ್ನೊಂದರಲ್ಲಿ ನಾನು. ಕೆಳಗಿನ ಯಂತ್ರಗಳು ತಿರುಗುವಾಗ ನನ್ನ ಮೇಜಿನ ಮೇಲಿನ ಪೆನ್ನು ತಾನಾಗಿಯೇ ಸರಿಯುತ್ತಿತ್ತು.

ಮೂರು ತಿಂಗಳು ಎಣಿಸಿದ ಮೇಲೆ ನಾನು ಮುಖ್ಯಸ್ಥರನ್ನು ಕೇಳಿದೆ: ಚಾರ್ಟು ನೋಡುವ ಬದಲು, ಬೆಳಿಗ್ಗೆ ಔಷಧಿ ಕೊಡುವಾಗ ವಾರ್ಡಿನಲ್ಲೇ ನಿಂತು ನೋಡಬಹುದೇ? ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ವಾರ್ಡಿನ ಫಲಕಕ್ಕೆ ಅಂಟಿಸಲು ಒಂದು ಪತ್ರ ನಾನೇ ಬರೆದೆ. ‘ಇಲ್ಲಿ ನಾವು ನೋಡಿದ್ದನ್ನು ಯಾವ ವ್ಯಕ್ತಿಯ ಪರವಾಗಿಯೂ ವಿರುದ್ಧವಾಗಿಯೂ ಬಳಸುವುದಿಲ್ಲ’ ಎಂಬುದು ಅದರ ಮುಖ್ಯ ವಾಕ್ಯ. ಕೆಳಗೆ ಅವರ ಸಹಿ.

ನಮೂನೆಯನ್ನು ಅವರು ಸಿದ್ಧಪಡಿಸಿದರು. ಒಬ್ಬೊಬ್ಬ ನರ್ಸಿಗೆ ಒಂದು ಹಾಳೆ. ಹೆಸರಿನ ಬದಲು ಒಂದು ಅಕ್ಷರ. ಔಷಧಿ, ಕೊಟ್ಟ ಸಮಯ, ಸಹಿ ಹಾಕಿದ ಸಮಯ ಎಂದು ಮೂರು ಕಾಲಂ. ರೋಗಿಗಳ ಗುಟ್ಟು ಕಾಯಬೇಕೆಂದು ಹಾಸಿಗೆಯ ಸಂಖ್ಯೆಯನ್ನು ಬಿಟ್ಟಿದ್ದರು. ಅದು ನನಗೂ ಸರಿ ಎನ್ನಿಸಿತ್ತು. ನನಗಿದ್ದ ನಿಯಮ ಒಂದೇ: ರೋಗಿಗೆ ಅಪಾಯ ಆಗುವುದು ಕಣ್ಣಿಗೆ ಕಂಡರೆ ಮಾತ್ರ ಬಾಯಿ ತೆರೆಯಬೇಕು, ಉಳಿದಂತೆ ಗೋಡೆಯ ಹಾಗೆ ಇರಬೇಕು. ಆ ನಿಯಮ ನನ್ನ ಸ್ವಭಾವಕ್ಕೆ ಹೊಂದುತ್ತಿತ್ತು.

ಅದು ವೃದ್ಧರ ವಾರ್ಡು. ಇಪ್ಪತ್ತೆಂಟು ಹಾಸಿಗೆ, ನಡುವೆ ನರ್ಸುಗಳ ಮೇಜು, ಆ ಕಡೆಗೊಂದು ಈ ಕಡೆಗೊಂದು ಔಷಧಿ ಟ್ರಾಲಿ. ವಾರ್ಡ್ ಮ್ಯಾನೇಜರ್ ಐರ್ಲೆಂಡಿನವರು, ಐವತ್ತು ದಾಟಿದವರು, ರೋಗಿಗಳನ್ನೂ ನರ್ಸುಗಳನ್ನೂ ನನ್ನನ್ನೂ ಒಂದೇ ಸಮನೆ ‘ಲವ್’ ಎಂದು ಕರೆಯುತ್ತಿದ್ದರು. ಕಿಟಕಿಯ ಕಡೆಯ ಟ್ರಾಲಿಯನ್ನು ಅವರು ಮತ್ತು ಅಡಾಪ್ಟೇಶನ್ ನರ್ಸ್ ಜೊತೆಯಾಗಿ ನಡೆಸುತ್ತಿದ್ದರು.

ಬೇರೆ ದೇಶದಲ್ಲಿ ಓದಿ ಬಂದ ನರ್ಸುಗಳು ಇಲ್ಲಿ ನೋಂದಣಿಯಾಗುವ ಮುಂಚೆ ಕೆಲವು ತಿಂಗಳು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕಿತ್ತು. ಅದೇ ಅಡಾಪ್ಟೇಶನ್. ಒಂದು ಮಾತ್ರೆಯನ್ನೂ ಒಬ್ಬರೇ ಕೊಡುವಂತಿಲ್ಲ. ಕೊನೆಯಲ್ಲಿ ವಾರ್ಡಿನವರು ‘ಇವರು ಸಮರ್ಥರು’ ಎಂದು ಬರೆದುಕೊಟ್ಟರೆ ನೋಂದಣಿ ಸಂಖ್ಯೆ ಬರುತ್ತದೆ. ಅದನ್ನು ಎಲ್ಲರೂ ಪಿನ್ ಎನ್ನುತ್ತಿದ್ದರು. ಪಿನ್ ಬರದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ, ವಾಪಸ್ಸು ವಿಮಾನ ಹತ್ತುವುದೇ.

ಈ ವಾರ್ಡಿನ ಅಡಾಪ್ಟೇಶನ್ ನರ್ಸಿಗೆ ನಲವತ್ತರ ಹತ್ತಿರ ವಯಸ್ಸು. ಅವರು ಲೋಟಕ್ಕೆ ಮಾತ್ರೆ ಹಾಕುವಾಗ ತುಟಿಯಲ್ಲೇ ಎಣಿಸುತ್ತಿದ್ದರು, ಕನ್ನಡದಲ್ಲಿ. ‘ಒಂದು, ಎರಡು, ಎರಡೂವರೆ.’ ಅರ್ಧ ಮಾತ್ರೆಯನ್ನು ಎಣಿಸುವ ಆ ‘ಎರಡೂವರೆ’ ಕೇಳಿ ನನ್ನ ಪೆನ್ನು ನಿಂತಿತು. ಆದರೂ ಮೂರು ದಿನ ಏನೂ ಹೇಳಲಿಲ್ಲ. ನೋಡಲು ಬಂದವಳು ಪರಿಚಯ ಮಾಡಿಕೊಳ್ಳಬಾರದು ಎಂದುಕೊಂಡೆ. ನಾಲ್ಕನೇ ದಿನ ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ, “ಸಿಸ್ಟರ್, ನೀವು ಯಾವ ಊರಿನವರು?” ಎಂದು ಕನ್ನಡದಲ್ಲಿ ಕೇಳಿದೆ.

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ದೇವರೇ! ನೀವು ನಾಲ್ಕು ದಿನದಿಂದ ಎಲ್ಲ ಕೇಳಿಸಿಕೊಳ್ತಾ ಇದ್ದದ್ದಾ? ನಾನು ಆ ಏಳನೇ ಬೆಡ್ಡಿನ ಅಜ್ಜನಿಗೆ ಎಂತೆಂತ ಬೈದಿದ್ದೇನೆ!”

“ಅದು ಕೊಂಕಣಿಯಲ್ಲಿತ್ತು. ನನಗೆ ತಿಳಿಯಲಿಲ್ಲ.”

“ಹಾಗಾದ್ರೆ ಬಚಾವ್. ಮತ್ತೆ ನನ್ನನ್ನು ಸಿಸ್ಟರ್ ಅಂತ ಕರೀಬೇಡಿ ಮಾರಾಯ್ರೆ. ಇಲ್ಲಿ ಅದು ದೊಡ್ಡ ಪೋಸ್ಟು. ಕೇಳಿದವರು ನನಗೆ ಪ್ರಮೋಶನ್ ಆಯ್ತು ಅಂತ ಗ್ರಹಿಸ್ತಾರೆ.”

ಉಡುಪಿಯ ಕಡೆಯವರು. ಊರಿನ ಮಿಶನ್ ಆಸ್ಪತ್ರೆಯಲ್ಲಿ ಹದಿಮೂರು ವರ್ಷ ಕೆಲಸ ಮಾಡಿದ್ದರು. ಗಂಡ, ಒಂಬತ್ತು ವರ್ಷದ ಮಗಳು ಅಲ್ಲೇ ಇದ್ದರು. ಪಿನ್ ಬಂದ ಮೇಲೆ ಅವರನ್ನು ಕರೆಸಿಕೊಳ್ಳುವ ಯೋಚನೆ. ಅಡಾಪ್ಟೇಶನ್ ಮುಗಿಯಲು ಎರಡೇ ವಾರ ಉಳಿದಿತ್ತು.

ಆ ಎರಡು ವಾರದಲ್ಲಿ ಮೊದಲನೆಯ ಮಂಗಳವಾರ ಅದು ನಡೆಯಿತು. ಆಗ ನನಗೆ ಏನೂ ಗೊತ್ತಾಗಲಿಲ್ಲವಾದ್ದರಿಂದ, ಆಮೇಲೆ ಜೋಡಿಸಿಕೊಂಡ ಹಾಗೆ ಬರೆಯುತ್ತೇನೆ.

ಒಂಬತ್ತನೇ ಹಾಸಿಗೆಯಲ್ಲಿ ಬಸ್ ಓಡಿಸಿ ನಿವೃತ್ತರಾದ ಒಬ್ಬ ಮುದುಕರು ಇದ್ದರು. ಕಿವಿ ಸ್ವಲ್ಪ ಮಂದ. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಒಂದು ಮಾತ್ರೆ. ಎಂಟೂ ಇಪ್ಪತ್ತಾರಕ್ಕೆ ಮ್ಯಾನೇಜರ್ ಮತ್ತು ಉಡುಪಿಯ ನರ್ಸ್ ಇಬ್ಬರೂ ಚಾರ್ಟು ನೋಡಿ, ಮಾತ್ರೆ ನೋಡಿ, ಲೋಟಕ್ಕೆ ಹಾಕಿದರು. ಅಷ್ಟರಲ್ಲಿ ಮೇಜಿನ ಫೋನು ಹೊಡೆದುಕೊಂಡಿತು. ಯಾವುದೋ ರೋಗಿಯ ಮಗ, ಗಾಬರಿಯಲ್ಲಿದ್ದ. ಮ್ಯಾನೇಜರ್ ಟ್ರಾಲಿಗೆ ಬೀಗ ಹಾಕಿ, “ಒಂದೇ ನಿಮಿಷ ಲವ್” ಎಂದು ಹೋದರು. ನರ್ಸ್ ಮಾತ್ರೆಯನ್ನು ಮುದುಕರಿಗೆ ಕೊಟ್ಟು, ನುಂಗುವವರೆಗೆ ನಿಂತು, ಚಾರ್ಟನ್ನು ಹಾಸಿಗೆಯ ಕಾಲಬಳಿ ತೆರೆದಿಟ್ಟರು. ಸಹಿ ಹಾಕಲಿಲ್ಲ. ಇನ್ನೊಬ್ಬ ರೋಗಿ ಶೌಚಾಲಯದ ದಾರಿಯಲ್ಲಿ ತಡವರಿಸುತ್ತಿದ್ದದ್ದು ಕಂಡು ಅತ್ತ ಓಡಿದರು. ನಾನು ನನ್ನ ಹಾಳೆಯಲ್ಲಿ ‘ಕೊಟ್ಟ ಸಮಯ ೮.೨೬’ ಎಂದು ಬರೆದು, ಸಹಿಯ ಕಾಲಂ ಖಾಲಿ ಬಿಟ್ಟೆ.

ಫೋನು ಬೇಗ ಮುಗಿಯಲಿಲ್ಲ. ಮ್ಯಾನೇಜರ್ ಅಲ್ಲಿಂದಲೇ, ಬಾಗಿಲ ಕಡೆಯ ಟ್ರಾಲಿ ಮುಗಿಸಿ ನಿಂತಿದ್ದ ಏಜೆನ್ಸಿ ನರ್ಸಿಗೆ ಬೀಗದ ಕೈ ಕೊಟ್ಟು, ಈ ಕಡೆ ಉಳಿದದ್ದನ್ನು ಮುಗಿಸಲು ಸನ್ನೆ ಮಾಡಿದರು. ಆಕೆ ಆ ದಿನದ ಮಟ್ಟಿಗೆ ಬಂದವಳು. ಒಂಬತ್ತನೇ ಹಾಸಿಗೆಯ ಚಾರ್ಟಿನಲ್ಲಿ ಚೌಕ ಖಾಲಿ ಇತ್ತು. ಮಾತ್ರೆ ತೆಗೆದಳು, ಕೊಟ್ಟಳು, ಕೂಡಲೇ ಸಹಿ ಹಾಕಿದಳು. ಎಂಟೂ ಮೂವತ್ತೈದು. ಅವಳು ಮಾಡಿದ್ದೆಲ್ಲ ನಿಯಮದ ಪ್ರಕಾರವೇ ಇತ್ತು. ನಾನು ಅದನ್ನೂ ಬರೆದೆ, ಅವಳ ಹಾಳೆಯಲ್ಲಿ. ಎರಡು ನಿಮಿಷದ ಮೇಲೆ ಮ್ಯಾನೇಜರ್ ಬಂದರು. ಉಡುಪಿಯ ನರ್ಸ್ ಬಂದು ನೋಡಿದಾಗ ಚೌಕದಲ್ಲಿ ಯಾರದೋ ಸಹಿ ಇತ್ತು. ಮ್ಯಾನೇಜರ್ ಹಾಕಿದ್ದಾರೆ ಎಂದುಕೊಂಡರು.

ಹನ್ನೊಂದೂವರೆಗೆ ಮುದುಕರಿಗೆ ಬೆವರು ಇಳಿಯಿತು, ಮಾತು ತೊದಲಿತು. ರಕ್ತದ ಸಕ್ಕರೆ ತೀರಾ ಕೆಳಗೆ ಹೋಗಿತ್ತು. ಗ್ಲೂಕೋಸ್, ಬಿಸ್ಕತ್ತು, ಗಂಟೆಗೊಂದು ಸಲ ಬೆರಳು ಚುಚ್ಚಿ ಪರೀಕ್ಷೆ. ಸಂಜೆಯೊಳಗೆ ಸರಿಯಾದರು. ಡಾಕ್ಟರು ಕಿವಿಯ ಹತ್ತಿರ ಬಾಗಿ, “ಬೆಳಿಗ್ಗೆ ಎರಡು ಸಲ ಮಾತ್ರೆ ಕೊಟ್ಟರೇ?” ಎಂದು ಕೂಗಿದಾಗ ಮುದುಕರು, “ಹೌದು. ಇವತ್ತು ಸೇವೆ ಭರ್ಜರಿಯಾಗಿದೆ ಅಂದುಕೊಂಡೆ” ಎಂದರಂತೆ.

ಮಧ್ಯಾಹ್ನ ನನ್ನ ಕೋಣೆಯಲ್ಲಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆ. ಒಂದರಲ್ಲಿ ಎಂಟೂ ಇಪ್ಪತ್ತಾರು, ಇನ್ನೊಂದರಲ್ಲಿ ಎಂಟೂ ಮೂವತ್ತೈದು. ಅದೇ ಔಷಧಿ, ಅದೇ ಪ್ರಮಾಣ. ಆ ಕಡೆಯ ಹದಿನಾಲ್ಕು ಜನರಲ್ಲಿ ಆ ಮಾತ್ರೆ ತೆಗೆದುಕೊಳ್ಳುವವರು ಒಬ್ಬರೇ. ಎರಡು ಸಾಲುಗಳೂ ನನ್ನದೇ ಕೈಬರಹ. ನಾನು ಆರು ಹೆಜ್ಜೆ ದೂರದಲ್ಲಿ ನಿಂತು ಎರಡನ್ನೂ ನೋಡಿದ್ದೆ. ಆದರೆ ನನ್ನ ಹಾಳೆಗಳು ನರ್ಸುಗಳ ಪ್ರಕಾರ ಇದ್ದವು. ನಾನು ನೋಡುತ್ತಿದ್ದದ್ದು ನರ್ಸುಗಳ ಕೈಯನ್ನು. ಹಾಸಿಗೆಯಲ್ಲಿದ್ದವರು ಯಾರೆಂದು ನನ್ನ ಯಾವ ಕಾಲಮ್ಮೂ ಕೇಳಿರಲಿಲ್ಲ.

ಘಟನೆಯ ವರದಿಯಲ್ಲಿ ತಪ್ಪು ಒಬ್ಬರ ಮೇಲೆ ಬಂತು: ಅಡಾಪ್ಟೇಶನ್ ನರ್ಸ್ ಮೇಲ್ವಿಚಾರಕರಿಲ್ಲದಾಗ ಮಾತ್ರೆ ಕೊಟ್ಟರು, ಸಹಿ ಹಾಕಲಿಲ್ಲ. ಅವರ ಹೇಳಿಕೆ ಎರಡೇ ಸಾಲು. ‘ತಪ್ಪು ನನ್ನದು. ಕ್ಷಮಿಸಿ.’ ಅವರನ್ನು ತೇರ್ಗಡೆ ಮಾಡುವುದೋ ಬೇಡವೋ ಎಂದು ಮುಂದಿನ ಗುರುವಾರ ಸಭೆ ಸೇರಿ ನಿರ್ಧರಿಸುವುದೆಂದಾಯಿತು.

ನಾನು ಹಾಳೆಗಳನ್ನು ಮುಖ್ಯಸ್ಥರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ಇದನ್ನು ಸಭೆಗೆ ಕೊಡುವಂತಿಲ್ಲ. ನಾವು ಮಾತು ಕೊಟ್ಟಿದ್ದೇವೆ. ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಬರೆದದ್ದು ನೀನೇ.”

“ಗೊತ್ತು.”

“ಒಮ್ಮೆ ಕೊಟ್ಟರೆ ಇನ್ನು ಯಾವ ವಾರ್ಡಿನವರೂ ನಮ್ಮನ್ನು ಒಳಗೆ ಬಿಡುವುದಿಲ್ಲ. ಮುಂದಿನ ಖಾಲಿ ಚೌಕ ಯಾರಿಗೂ ಕಾಣುವುದಿಲ್ಲ.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ಕಷ್ಟವಾಗಿತ್ತು.

ಭಾನುವಾರ ನಾನು ಮತ್ತು ಆ ನರ್ಸ್ ಈಸ್ಟ್ ಹ್ಯಾಮಿಗೆ ಹೋದೆವು. ಘಟನೆಗೆ ಮುಂಚೆಯೇ ಮಾತಾಗಿತ್ತು. ಕುಚ್ಚಲಕ್ಕಿ ನಮ್ಮ ಕಡೆ ವೆಂಬ್ಲಿಯ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ, ಲಂಡನ್ನಿನ ಆ ತುದಿಗೇ ಹೋಗಬೇಕಿತ್ತು. ಅವರು ಬರಲಾರರು ಎಂದುಕೊಂಡಿದ್ದೆ. ಚರ್ಚು ಮುಗಿಸಿಕೊಂಡು ಸರಿಯಾದ ಹೊತ್ತಿಗೆ ಸ್ಟೇಷನ್ನಿಗೆ ಬಂದರು. ಟ್ಯೂಬ್ ರೈಲಿನಲ್ಲಿ ಅರ್ಧ ದಾರಿ ಕಳೆಯಿತು. ಆಮೇಲೆ ನಾನೇ ಕೇಳಿದೆ.

“ಕೊಟ್ಟ ಕೂಡಲೇ ಸಹಿ ಹಾಕಬೇಕು ಅಂತ ನಿಮಗೆ ಗೊತ್ತಿತ್ತಲ್ಲವೇ?”

“ಗೊತ್ತುಂಟು. ಮೊದಲನೇ ದಿನವೇ ಹೇಳಿಕೊಟ್ಟಿದ್ದಾರೆ.”

“ಮ್ಯಾನೇಜರ್ ರಜೆಯಿದ್ದ ದಿನ ಬೇರೆ ನರ್ಸುಗಳ ಜೊತೆ ನೀವು ಕೂಡಲೇ ಹಾಕುತ್ತಿದ್ದಿರಿ. ನಾನು ನೋಡಿದ್ದೇನೆ.”

ಅವರು ಕೈಚೀಲದ ಜಿಪ್ಪನ್ನು ಎಳೆದರು, ಮುಚ್ಚಿದರು. “ಅವರೆಲ್ಲ ನನಗಿಂತ ಸಣ್ಣವರು. ಇವರು ವಾರ್ಡಿಗೇ ದೊಡ್ಡವರು. ನಮ್ಮ ಆಸ್ಪತ್ರೆಯಲ್ಲಿ ದೊಡ್ಡ ಸಿಸ್ಟರ್ ಸಹಿ ಹಾಕದೆ ನಾವು ಪೆನ್ನು ಮುಟ್ಟುವ ಹಾಗಿಲ್ಲ. ಮೇಲೆ ಅವರದ್ದು, ಕೆಳಗೆ ನಮ್ಮದು. ಹದಿಮೂರು ವರ್ಷ. ಇವರ ಚೌಕದಲ್ಲಿ ನಾನು ಮೊದಲು ಹಾಕ್ಲಿಕ್ಕೆ ಕೈಯೇ ಹೋಗುವುದಿಲ್ಲ. ಅವರು ಬರ್ಲಿ, ಮತ್ತೆ ಹಾಕುವಾ ಅಂತ ಬಿಟ್ಟದ್ದು.”

“ಇದನ್ನು ಹೇಳಿಕೆಯಲ್ಲಿ ಯಾಕೆ ಬರೆಯಲಿಲ್ಲ?”

“ಬರೆದ್ರೆ ಎಂತ ಆಗ್ತದೆ? ಅವರು ಬಿಟ್ಟು ಹೋದ್ರು ಅಂತ ಆಗ್ತದೆ. ನಾನು ಜನವರಿಯಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಬಂದವಳು. ಈ ಕೋಟು ಅವರ ಮನೆಯಿಂದ ತಂದುಕೊಟ್ಟದ್ದು.” ತೋಳನ್ನು ಮುಟ್ಟಿ ತೋರಿಸಿದರು. “ನೀವು ಕೂಡ ಎಂತದ್ದೂ ಹೇಳ್ಬಾರದು. ನನ್ನಾಣೆ.”

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಐದು ಕಿಲೋ ಅಕ್ಕಿಯ ಚೀಲವನ್ನು ಇಬ್ಬರೂ ಒಂದೊಂದು ಕಿವಿ ಹಿಡಿದು ಸ್ಟೇಷನ್ನಿನ ಮೆಟ್ಟಿಲು ಹತ್ತಿಸಿದೆವು.

ಹ್ಯಾರೋದಲ್ಲಿ ನಾನಿದ್ದ ಬಾಡಿಗೆ ಕೋಣೆಗೆ ಮರಳಿ ತುಂಬ ಹೊತ್ತು ಯೋಚಿಸಿದೆ. ಮೂರು ಕಡೆ ಮಾತಿನ ಕಟ್ಟು ಇತ್ತು: ವಾರ್ಡಿಗೆ ಕೊಟ್ಟ ಮಾತು, ಮುಖ್ಯಸ್ಥರ ಆಜ್ಞೆ, ಈಗ ಇವರ ಆಣೆ. ಸುಮ್ಮನಿದ್ದರೆ ಮೂರೂ ಉಳಿಯುತ್ತಿದ್ದವು. ಸುಮ್ಮನಿರುವುದು ನನಗೆ ಯಾವಾಗಲೂ ಸುಲಭ. ಮಂಗಳವಾರ ಬೆಳಿಗ್ಗೆಯೂ ಸುಲಭವಾಗಿಯೇ ಇತ್ತು. ಎಂಟೂ ಇಪ್ಪತ್ತಾರಕ್ಕೆ ನಾನು “ಸಹಿ” ಎಂಬ ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಅಪಾಯ ಕಣ್ಣಿಗೆ ಕಂಡಿಲ್ಲವಲ್ಲ ಎಂದುಕೊಂಡು ಹೇಳಲಿಲ್ಲ.

ಹಾಳೆಗಳನ್ನು ಕೊಡುವುದಿಲ್ಲ ಎಂದು ತೀರ್ಮಾನಿಸಿದೆ. ಆದರೆ ನಾನೂ ಆ ವಾರ್ಡಿನಲ್ಲಿ ಇದ್ದವಳು. ನನ್ನ ತಪ್ಪಿನ ಬಗ್ಗೆ ನಾನೇ ಹೇಳಿಕೆ ಬರೆಯಲು ಯಾರ ಅಡ್ಡಿಯೂ ಇಲ್ಲ.

ಒಂದು ಪುಟ ಬರೆದೆ. ಮೊದಲ ಮಾತ್ರೆ ಕೊಟ್ಟದ್ದನ್ನು ನೋಡಿದೆ. ಸಹಿ ಆಗದ್ದನ್ನು ನೋಡಿದೆ. ಹೇಳಲಿಲ್ಲ. ಎರಡನೆಯದನ್ನೂ ನೋಡಿದೆ. ಒಬ್ಬರೇ ರೋಗಿ ಎಂದು ತಿಳಿಯಲಿಲ್ಲ, ಯಾಕೆಂದರೆ ನಮ್ಮ ನಮೂನೆಯಲ್ಲಿ ಹಾಸಿಗೆಯ ಸಂಖ್ಯೆ ಇರಲಿಲ್ಲ. ಆದರೆ ಮ್ಯಾನೇಜರ್ ಅಲ್ಲಿರಲಿಲ್ಲ ಎನ್ನುವುದನ್ನು ಬಿಟ್ಟರೆ ಆ ಪುಟ ಅರ್ಧ ಸುಳ್ಳಾಗುತ್ತಿತ್ತು. ಅದನ್ನು ಅವರ ಬೆನ್ನ ಹಿಂದೆ ಬರೆಯುವುದು ನನ್ನಿಂದಾಗಲಿಲ್ಲ. ಸೋಮವಾರ ಬೆಳಿಗ್ಗೆ ಅವರ ಪುಟ್ಟ ಕೋಣೆಯ ಬಾಗಿಲು ತಟ್ಟಿದೆ.

“ಬಾ ಲವ್. ಯಾಕೆ, ಮುಖ ಹೀಗಿದೆ?”

ಪುಟವನ್ನು ಅವರ ಮುಂದಿಟ್ಟೆ. “ಒಂದು ಸಾಲು ಸೇರಿಸಬೇಕಾಗಿದೆ. ಅದು ನಿಮ್ಮ ಬಗ್ಗೆ. ನೀವು ಬೇಡ ಅಂದರೆ ಇದನ್ನು ಕೊಡುವುದಿಲ್ಲ, ನಾನೂ ಈ ವಾರ್ಡಿಗೆ ಮತ್ತೆ ನೋಡಲು ಬರುವುದಿಲ್ಲ.”

ಅವರು ಓದಿದರು. ಚಹಾ ಆರುತ್ತಿತ್ತು.

“ಎಷ್ಟು ಹೊತ್ತು ಹೋಗಿದ್ದೆ?”

“ಹನ್ನೊಂದು ನಿಮಿಷ.”

“ಎರಡು ಅಂತ ಹೇಳುತ್ತಿದ್ದೆ. ಆಣೆ ಮಾಡಿ ಹೇಳುತ್ತಿದ್ದೆ.” ಕಿಟಕಿಯ ಕಡೆ ನೋಡಿದರು. “ಆ ಹೆಂಗಸು ಒಂದು ಮಾತು ಹೇಳಲಿಲ್ಲ. ನಾನು ವರದಿಗೆ ರುಜು ಹಾಕುವಾಗ ಎದುರಿಗೇ ನಿಂತಿದ್ದಳು.”

“ಅವರ ಊರಿನ ಆಸ್ಪತ್ರೆಯಲ್ಲಿ ಹಿರಿಯರು ಸಹಿ ಹಾಕುವ ಮುಂಚೆ ಕಿರಿಯರು ಹಾಕುವುದಿಲ್ಲವಂತೆ. ನಿಮಗೋಸ್ಕರ ಚೌಕ ಬಿಟ್ಟಿದ್ದರು.”

ಇದನ್ನು ಹೇಳಲು ನನಗೆ ಅನುಮತಿ ಇರಲಿಲ್ಲ. ಹೇಳಿಬಿಟ್ಟೆ.

ಅವರು ಪುಟವನ್ನು ನನ್ನ ಕಡೆ ಸರಿಸಿದರು. “ಬರಿ,” ಎಂದರು. “ಹನ್ನೊಂದು ಅಂತಲೇ ಬರಿ.”

ಮುಖ್ಯಸ್ಥರಿಗೆ ಪ್ರತಿ ಕೊಟ್ಟೆ. ಓದಿ, “ನನ್ನ ನಮೂನೆಯ ಮೇಲೆ ದೂರು ಬರೆದಿದ್ದೀಯ” ಎಂದರು. “ನಮ್ಮ ನಮೂನೆ” ಎಂದೆ. ಅವರು ನಗಲಿಲ್ಲ. ಆದರೆ ತಡೆಯಲೂ ಇಲ್ಲ.

ಗುರುವಾರದ ಸಭೆಯಲ್ಲಿ ಮೇಜಿನ ತುದಿಗೆ ನರ್ಸಿಂಗ್ ತರಬೇತಿಯ ಮುಖ್ಯಸ್ಥೆ ಕೂತಿದ್ದರು. ನನ್ನನ್ನು ಹತ್ತು ನಿಮಿಷದ ಮಟ್ಟಿಗೆ ಕರೆದಿದ್ದರು, ಕೊನೆಯವರೆಗೂ ಕೂರಿಸಿಕೊಂಡರು.

“ಸಹಿ ಹಾಕದ್ದು ನಿಮಗೆ ಕಂಡಿತ್ತು. ಯಾಕೆ ಹೇಳಲಿಲ್ಲ?”

“ಅಪಾಯ ಕಂಡರೆ ಮಾತ್ರ ಮಾತಾಡಬೇಕು ಅಂತ ನಿಯಮ. ಖಾಲಿ ಚೌಕವನ್ನೇ ಅಪಾಯ ಅಂತ ನಾನು ಎಣಿಸಿರಲಿಲ್ಲ. ಮೂರು ತಿಂಗಳಿಂದ ಅದನ್ನು ಎಣಿಸುವುದೇ ನನ್ನ ಕೆಲಸವಾಗಿತ್ತು.”

ಮ್ಯಾನೇಜರ್ ತಾವಾಗಿಯೇ ಹೇಳಿದರು: ಸಮಯಗಳು ಸರಿ, ಫೋನಿನಲ್ಲಿ ಇದ್ದದ್ದು ನಾನು, ಏಜೆನ್ಸಿಯವಳಿಗೆ ಬೀಗದ ಕೈ ಕೊಟ್ಟದ್ದು ನಾನು, ಕೊಡುವಾಗ ಇವಳನ್ನು ಒಂದು ಮಾತು ಕೇಳಲಿಲ್ಲ. ತರಬೇತಿಯವರು ಉಡುಪಿಯ ನರ್ಸಿನ ಕಡೆ ತಿರುಗಿ, ಸಹಿಯನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರು. ಅವರು ತಲೆ ತಗ್ಗಿಸಿ ಕೂತಿದ್ದರು. ಮ್ಯಾನೇಜರ್ ಮೆಲ್ಲಗೆ, “ಹೇಳು. ನಾನು ಎದುರಿಗೇ ಇದ್ದೇನೆ” ಎಂದ ಮೇಲೆ ಹೇಳಿದರು. ನಿಧಾನವಾದ, ಶಾಲೆಯ ಇಂಗ್ಲಿಷಿನಲ್ಲಿ, ಮೇಲೆ ಅವರದ್ದು ಕೆಳಗೆ ನಮ್ಮದು ಎಂಬಲ್ಲಿಯವರೆಗೆ. ತರಬೇತಿಯವರು ಬರೆಯುವುದನ್ನು ನಿಲ್ಲಿಸಿದರು. ಎಷ್ಟೋ ಜನರಿಗೆ ಕಲಿಸಿದ್ದೇನೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ ಎಂದರು. ತಾವೂ ಕೇಳಿರಲಿಲ್ಲ ಎಂದು, ಸ್ವಲ್ಪ ತಡೆದು, ಸೇರಿಸಿದರು.

ತೀರ್ಮಾನ ಪೂರ್ತಿ ಸಿಹಿಯಾಗಿರಲಿಲ್ಲ. ಇನ್ನೂ ಆರು ವಾರ ಅಡಾಪ್ಟೇಶನ್, ಕೊನೆಯಲ್ಲಿ ಮತ್ತೆ ಪರೀಕ್ಷೆ. ಮೇಲ್ವಿಚಾರಣೆಯನ್ನು ಬೇರೆಯವರಿಗೆ ವಹಿಸಬೇಕೆಂಬ ಮಾತು ಬಂದಾಗ ಮ್ಯಾನೇಜರ್ ಒಪ್ಪಲಿಲ್ಲ. “ನನ್ನ ಮುಂದೆಯೇ ಅವಳು ಮೊದಲು ಸಹಿ ಹಾಕಬೇಕು. ಬೇರೆಯವರ ಮುಂದೆ ಹಾಕುವುದು ಅವಳಿಗೆ ಆಗಲೇ ಬರುತ್ತದೆ” ಎಂದರು.

ಹೊರಗಿನ ಕಾರಿಡಾರಿನಲ್ಲಿ ನರ್ಸ್ ನನ್ನನ್ನು ತಡೆದರು. ಕಣ್ಣು ಕೆಂಪಾಗಿತ್ತು.

“ನನ್ನಾಣೆ ಅಂದಿದ್ದೆ ನಿಮಗೆ.”

“ಹೌದು.”

“ನನ್ನನ್ನು ಮೇಲೆ ಎಳೀಲಿಕ್ಕೆ ಅವರನ್ನು ಕೆಳಗೆ ಹಾಕಬೇಕಿತ್ತಾ?”

ಮ್ಯಾನೇಜರಿಗೆ ಮೊದಲೇ ತೋರಿಸಿದ್ದೆ ಎಂದು ಹೇಳಬಹುದಿತ್ತು. ಅದರಿಂದ ನನಗೆ ಹಗುರವಾಗುತ್ತಿತ್ತು, ಎದುರಿಗಿದ್ದವರಿಗಲ್ಲ. ಅವರು ಹೋದರು. ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿದರೆ ನಂಬರುಗಳನ್ನೇ ನೋಡುತ್ತಿದ್ದರು.

ಆ ವಾರಗಳಲ್ಲಿ ಕೆಲಸ ನಡೆಯಿತು. ಔಷಧಿ ಕೊಡುವ ಹೊತ್ತಿನಲ್ಲಿ ಫೋನು ವಾರ್ಡ್ ಕ್ಲರ್ಕಿನ ಪಾಲಾಯಿತು. ಮೇಲ್ವಿಚಾರಕರು ಹೋಗಲೇಬೇಕಾದರೆ ಮಾತ್ರೆ ಟ್ರಾಲಿಯೊಳಗೆ ವಾಪಸ್ಸು, ಕಲಿಯುವವರೂ ಅವರ ಜೊತೆಯೇ ಹೋಗಬೇಕು. ತರಬೇತಿಯವರು ಖಾಲಿ ಚಾರ್ಟುಗಳನ್ನು ಅಚ್ಚು ಹಾಕಿಸಿ, ಹೊಸದಾಗಿ ಬಂದವರಿಂದ ಹಿರಿಯರ ಎದುರಿಗೆ ಸಹಿ ಹಾಕಿಸುವ ಅಭ್ಯಾಸ ಶುರು ಮಾಡಿದರು. ಮನಿಲಾದಿಂದ ಬಂದ ಇಬ್ಬರು, ತಮ್ಮಲ್ಲೂ ಹಾಗೆಯೇ ಎಂದು ಮೊದಲನೇ ದಿನವೇ ಹೇಳಿದರಂತೆ. ನಾನು ಹಾಸಿಗೆಗೊಂದು ಹಾಳೆಯಂತೆ ನಮೂನೆಯನ್ನು ಬದಲಿಸಿದೆ. ನಿಯಮದಲ್ಲಿ ಒಂದು ಸಾಲು ಸೇರಿತು: ಸಹಿಯಿಲ್ಲದೆ ಹಾಸಿಗೆ ಬಿಟ್ಟರೆ ನೋಡುವವರು ಹೇಳಬೇಕು. ನಾನು ಹೇಳತೊಡಗಿದೆ. ಮೊದಮೊದಲು ನರ್ಸುಗಳು ಹುಬ್ಬು ಗಂಟಿಕ್ಕಿದರು. ಒಬ್ಬಳು, “ಗೋಡೆಗೆ ಬಾಯಿ ಬಂತು” ಎಂದಳು.

ಆರನೇ ವಾರ ಮ್ಯಾನೇಜರ್ ಕಾಗದಕ್ಕೆ ರುಜು ಹಾಕಿದರು. ಇನ್ನೂ ಕೆಲವು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ, ನಮ್ಮ ಕೋಣೆಯ ಬಾಗಿಲಲ್ಲಿ ಉಡುಪಿಯ ನರ್ಸ್ ನಿಂತಿದ್ದರು. ಕೈಯಲ್ಲಿ ಲಕೋಟೆ.

“ಪಿನ್ ಬಂತು,” ಎಂದರು. ಕುಳಿತುಕೊಳ್ಳಲಿಲ್ಲ. ನನ್ನ ಪೆನ್ನು ಸರಿಯುವುದನ್ನು ನೋಡಿ, “ಇದೆಂತ, ಭೂಕಂಪವಾ?” ಎಂದರು. ಆಮೇಲೆ ಗಂಭೀರವಾದರು.

“ನಾಳೆ ಬೆಳಿಗ್ಗೆ ನಾನೊಬ್ಬಳೇ ಟ್ರಾಲಿ ತೆಗೊಂಡು ಹೋಗುವುದು. ನಾಳೆ ನಿಮಗೆ ನಮ್ಮ ವಾರ್ಡು ಅಲ್ವಾ?”

“ಹೌದು.”

“ಬರ್ಬೇಡಿ.”

“ಆಯ್ತು.”

“ಸಿಟ್ಟಲ್ಲ ಮತ್ತೆ. ಇತ್ತು, ಈಗ ಇಲ್ಲ. ನೀವು ನಿಂತಿದ್ರೆ ನಾನು ಸರಿಯಾಗಿಯೇ ಮಾಡ್ತೇನೆ. ಯಾರೂ ನೋಡದಿದ್ದಾಗ ನನ್ನ ಕೈ ಎಂತ ಮಾಡ್ತದೆ ಅಂತ ನನಗೆ ಗೊತ್ತಾಗ್ಬೇಕು.”

ಮರುದಿನ ಎಂಟಕ್ಕೆ ನಾನು ಹಾಳೆಗಳನ್ನು ತೆಗೆದುಕೊಂಡು ಮೂರನೇ ಮಹಡಿಯ ಬೇರೆ ವಾರ್ಡಿಗೆ ಹೋದೆ.